ಬೆನ್ನು ಕಾಣುವ ಸಿಪಾಯಿಗಳು

ಅಕ್ಕನ ಕೊನೆಯ ಮಾಮೂಲಿ ದಿನ ಒಂದು ಶುಕ್ರವಾರ. ಜೂನ್ ತಿಂಗಳ ಸೆಕೆ. ಅಮೆರಿಕದ ಕ್ಯಾರೊಲೈನಾದಲ್ಲಿ, ಕ್ಯಾರಿ ಎಂಬ ಊರಿನ ಅವಳ ಮನೆಯ ಗರಾಜಿನ ಬಾಗಿಲನ್ನು ಮೊಣಕಾಲೆತ್ತರಕ್ಕೆ ಎತ್ತಿಟ್ಟು, ಎರಡು ಫ್ಯಾನ್ ಹಾಕಿಕೊಂಡು ನಾವಿಬ್ಬರೂ ಮೇಜಿನ ಮೇಲಿನ ಮಾದರಿ ಬೆಟ್ಟಕ್ಕೆ ಪ್ಲಾಸ್ಟರ್ ಹೊದಿಸುತ್ತಿದ್ದೆವು. ಗೋಣಿಬಟ್ಟೆಯನ್ನು ಅಂಗೈಯಗಲ ಚೂರು ಮಾಡಿ, ಪ್ಲಾಸ್ಟರ್ ಕಲಸಿದ ನೀರಿನಲ್ಲಿ ಅದ್ದಿ, ಹಿಂಡದೆ ಹಾಗೇ ಹಾಸಬೇಕು. ಅಡಿಯಲ್ಲಿ ಇಲ್ಲಿಯ ಮನೆಗಳ ಗೋಡೆಯೊಳಗೆ ಹಾಕುವ ನೀಲಿ ಫೋಮ್ ಹಲಗೆಗಳು, ಒಂದರ ಮೇಲೊಂದು ಅಂಟಿಸಿ ಕೊರೆದದ್ದು. ಪ್ಲಾಸ್ಟರ್ ಬೆರಳಿಗೆ ಬೆಚ್ಚಗೆ ಅನಿಸಿದ ಕೂಡಲೆ ಕೈ ತೆಗೆಯಬೇಕು. ಅದು ಗಟ್ಟಿಯಾಗಲು ಹೊರಟಿದೆ ಎಂದರ್ಥ.

"ಏನೇ, ಬೆಟ್ಟಕ್ಕೆ ಸೀರೆ ಉಡಿಸ್ತಿದ್ದೀಯಾ? ನೆರಿಗೆ ಬೇಡ, ಎಳಿ" ಎಂದಳು ಅಕ್ಕ.

"ನೀನೇ ಎಳ್ಕೋ. ನನ್ನ ಕೈ ಸೋತುಹೋಯ್ತು."

"ಸೋತಿದ್ದು ಬ್ರಿಟಿಷರು ಕಣೆ, ನೀನಲ್ಲ."

"ಅವರು ಸೋತ್ರಾ?"

"ಕರ್ನಲ್ ಹೇಳೋ ಪ್ರಕಾರ ಇಬ್ರೂ ಗೆದ್ವಿ ಅಂತ ಬರ್ಕೊಂಡ್ರಂತೆ. ಇಬ್ರ ಕಡೇನೂ ಹೆಣ ಬಿದ್ವು."

"ಮತ್ತೆ ನಾವ್ಯಾರ ಕಡೆ?"

"ನಾವು ಬೆಟ್ಟದ ಕಡೆ. ಬೇಗ ಪ್ಲಾಸ್ಟರ್ ಕಲಸು."

ಕರ್ನಲ್ ಎಂದರೆ ಸೈನ್ಯದಿಂದ ನಿವೃತ್ತರಾದ ಅಮೆರಿಕನ್. ವರ್ಜೀನಿಯಾದಲ್ಲಿ, ವಾಷಿಂಗ್ಟನ್ನಿಗೆ ಹತ್ತಿರ, ತಮ್ಮ ಸ್ವಂತ ಆಸಕ್ತಿಯಿಂದ ಸಣ್ಣದೊಂದು ಯುದ್ಧ ಮ್ಯೂಸಿಯಂ ನಡೆಸುತ್ತಿದ್ದರು. ಅದರ ಹೊಸ ಕೋಣೆಗೆ ಅವರಿಗೆ ಒಂದು ಕಣಿವೆ ಬೇಕಿತ್ತು. ನೂರು ವರ್ಷದ ಹಿಂದೆ ಹಿಂದೂಸ್ತಾನದ ವಾಯವ್ಯ ಗಡಿಯಲ್ಲಿ ಬ್ರಿಟಿಷರ ದಂಡೊಂದು ಪಠಾಣರ ಬೆಟ್ಟಗಳಿಗೆ ನುಗ್ಗಿ, ಅವರ ಹಳ್ಳಿಗಳನ್ನು ಸುಟ್ಟು ವಾಪಸಾಗುವಾಗ ಕಣಿವೆಯಲ್ಲಿ ಸಿಕ್ಕಿಕೊಂಡ ಕಥೆ. ಕಣಿವೆಯೊಳಗೆ ಹೋಗುವುದಕ್ಕಿಂತ ಹೊರಗೆ ಬರುವುದು ಕಷ್ಟ ಎಂದು ಅವರು ಫೋನಿನಲ್ಲಿ ವಿವರಿಸಿದ್ದರು. ಎರಡೂ ಪಕ್ಕದ ಗುಡ್ಡಗಳ ಮೇಲೆ ಮೊದಲೇ ಕಾವಲು ತುಕಡಿಗಳನ್ನು ಹತ್ತಿಸಿಡಬೇಕು. ಕೆಳಗೆ ಹೇಸರಗತ್ತೆಗಳು, ಫಿರಂಗಿಗಳು, ಗಾಯಾಳುಗಳ ಡೋಲಿಗಳು ಎಲ್ಲ ದಾಟಿದ ಮೇಲೆ ಮೇಲಿನವರನ್ನು ಇಳಿಸಿಕೊಳ್ಳಬೇಕು. ಅವರು ಇಳಿಯಲು ಎದ್ದ ಗಳಿಗೆಗಾಗಿಯೇ ಪಠಾಣರು ಬಂಡೆಗಳ ಹಿಂದೆ ಕಾಯುತ್ತಿದ್ದರು. ಕರ್ನಲ್ಲರಿಗೆ ಬೇಕಾಗಿದ್ದದ್ದು ಅದೇ ಗಳಿಗೆ: ದಂಡು ದಾಟಿಹೋಗಿದೆ, ಹಳ್ಳದ ಒಣ ಪಾತ್ರದಲ್ಲಿ ಹಿಂದುಳಿದ ತುಕಡಿ ಮೇಲಿನವರು ಇಳಿದು ಬರಲೆಂದು ಕಾಯುತ್ತಿದೆ.

ನಾವು ಓದಿದವರಲ್ಲ. ನಾನು ಪಿಯುಸಿ ಮುಗಿಸಲಿಲ್ಲ, ಅಕ್ಕ ಮುಗಿಸಿ ಸುಮ್ಮನಾದವಳು. ಈ ಕೆಲಸ ಬಂದದ್ದು ದಸರಾ ಗೊಂಬೆಯಿಂದ. ಮೈಸೂರಿನ ಮನೆಯಲ್ಲಿ ಮಣ್ಣು, ಗೋಣಿ, ಮೊಳಕೆ ರಾಗಿ ಇಟ್ಟುಕೊಂಡು ಪ್ರತಿ ವರ್ಷ ಗೊಂಬೆಗಳ ಪಕ್ಕ ಬೆಟ್ಟ, ಕೆರೆ, ಪಾರ್ಕು ಮಾಡುತ್ತಿದ್ದವಳು ಅಕ್ಕ. ಇಲ್ಲಿಗೆ ಬಂದ ಮೇಲೆ ಪಕ್ಕದ ರಾಲಿ ನಗರದ ಕನ್ನಡದವರ ಹಬ್ಬಕ್ಕೆ ಮಾಡಿದ ಬೆಟ್ಟವನ್ನು ಯಾರೋ ನೋಡಿ ಶಾಲೆಯೊಂದಕ್ಕೆ ಮಾಡಿಸಿಕೊಂಡರು. ಅಲ್ಲಿಂದ ಒಂದಾದ ಮೇಲೊಂದು.

ಹೆಬ್ಬೆರಳಿನಷ್ಟೆತ್ತರದ ಲೋಹದ ಸಿಪಾಯಿಗಳನ್ನು ಕರ್ನಲ್ಲರೇ ಕಳಿಸಿದ್ದರು, ಬಣ್ಣವಿಲ್ಲದೆ. ಅಕ್ಕ ಚಳಿಗಾಲವೆಲ್ಲ ಕೂತು ಅವುಗಳಿಗೆ ಮುಖ ಬರೆದಿದ್ದಳು. ದಂಡಿನಲ್ಲಿ ಬಿಳಿಯರು ಕೆಲವರು, ಉಳಿದವರೆಲ್ಲ ನಮ್ಮ ದೇಶದ ಸಿಪಾಯಿಗಳು. ಅವರಿಗೆ ಅವಳು ನಮಗೆ ಗೊತ್ತಿದ್ದವರ ಮುಖಗಳನ್ನೇ ಕೊಟ್ಟಿದ್ದಳು. ಒಬ್ಬ ಸೋದರಮಾವ. ಒಬ್ಬ ಹಾಲಿನ ಗೋಪಾಲಪ್ಪ. ಒಬ್ಬರು ಹಿಂದಿ ಮೇಷ್ಟ್ರು, ಮೂಗಿನ ಪಕ್ಕದ ಗುಳ್ಳೆ ಸಮೇತ. ಪಠಾಣರಲ್ಲೊಬ್ಬನಿಗೆ ಭಾವನ ಹುಬ್ಬು. "ನಂಗೆ ಗುಂಡು ಹೊಡೆಯೋ ಕೆಲ್ಸ ಕೊಟ್ಟಿದ್ದಾಳೆ ನನ್ ಹೆಂಡ್ತಿ" ಎಂದು ಭಾವ ಬಂದವರಿಗೆಲ್ಲ ತೋರಿಸುತ್ತಿದ್ದರು.

ಮರುದಿನ ಶನಿವಾರ ಬೆಳಿಗ್ಗೆ ಅಕ್ಕ ಅಂಗಡಿಯಿಂದ ಬಂದು, ಹಾಲನ್ನು ಫ್ರಿಜ್ಜಿನಲ್ಲಿಡುವಾಗ ತಲೆ ಸಿಡಿಯುತ್ತಿದೆ ಎಂದಳಂತೆ. ಕುರ್ಚಿಯ ತನಕ ನಡೆಯಲಿಲ್ಲ. ಮಿದುಳಿನಲ್ಲಿ ರಕ್ತನಾಳ ಒಡೆದಿದೆ ಎಂದರು ರಾಲಿಯ ಆಸ್ಪತ್ರೆಯಲ್ಲಿ. ಸಂಜೆಯೊಳಗೆ ಮುಗಿದುಹೋಯಿತು. ಮುಂದಿನ ದಿನಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅದನ್ನು ಬರೆಯುವ ಶಕ್ತಿ ನನಗಿಲ್ಲ. ಕೆಲಸದ್ದನ್ನು ಮಾತ್ರ ಬರೆಯಬಲ್ಲೆ.

ಕರ್ಮಾಂತರ ಮುಗಿದು ಊರಿಂದ ಬಂದವರು ಹೊರಟ ಮೇಲೆ ನಾನು ಗರಾಜಿನ ಬಾಗಿಲು ಎತ್ತಿದೆ. ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಮುಚ್ಚಿದ ಗರಾಜು, ಕ್ಯಾರೊಲೈನಾದ ಆರ್ದ್ರ ಬೇಸಿಗೆ. ಪ್ಲಾಸ್ಟರ್ ಒಣಗಿರಲೇ ಇಲ್ಲ, ಒಳಗಿನ ಗೋಣಿ ಬೂಸ್ಟು ಹಿಡಿದು ಕಪ್ಪು ಚುಕ್ಕೆಗಳು ಮೇಲೆದ್ದಿದ್ದವು. ಬ್ಲೀಚ್ ಬೆರೆಸಿದ ನೀರನ್ನು ಬ್ರಷ್ಷಿನಿಂದ ತಟ್ಟಿ ತಟ್ಟಿ ಒರೆಸಿದೆ. ಗಾಳಿಯ ತೇವ ಹೀರುವ ಯಂತ್ರ ತಂದಿಟ್ಟೆ. ಅದರ ಡಬ್ಬಿ ತುಂಬಿದಂತೆಲ್ಲ ಚೆಲ್ಲಿ ಬರುವುದೇ ಒಂದು ಕೆಲಸವಾಯಿತು. ಮನೆಯಲ್ಲಿ ಅಡುಗೆ ಮಾಡುತ್ತಿದ್ದರೂ ಡಬ್ಬಿ ತುಂಬಿತೇನೋ ಎಂದು ಒಲೆ ಆರಿಸಿ ಎರಡು ಬೀದಿ ಆಚೆಗಿದ್ದ ಅಕ್ಕನ ಮನೆಗೆ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆ. ಹೋದರೆ ಅದು ಅರ್ಧವೂ ತುಂಬಿರುತ್ತಿರಲಿಲ್ಲ. "ಒಂದ್ ಕಡೆ ಕೂತ್ಕೋ ಸ್ವಲ್ಪ" ಎಂದರು ನನ್ನ ಯಜಮಾನರು. ಕೂರಲು ಆಗುತ್ತಿರಲಿಲ್ಲ.

ಒಣಗಿದ ಮೇಲೆ ಬಣ್ಣ. ಮನೆಯ ಹಿಂದಿನ ಕೆಂಪುಮಣ್ಣು ಬೇಡ, ಅಲ್ಲಿಯದು ಬೂದು ಬೆಟ್ಟ ಎಂದು ಅಕ್ಕ ಮೊದಲೇ ಹೇಳಿದ್ದಳು. ಬಣ್ಣವನ್ನು ಮಜ್ಜಿಗೆ ನೀರಿನಷ್ಟು ತೆಳುಮಾಡಿ ಮೇಲಿನಿಂದ ಹರಿಯಬಿಟ್ಟೆ. ಸಂದುಗಳಲ್ಲಿ ಕಪ್ಪು ನಿಂತಿತು. ಆಮೇಲೆ ತಿಳಿ ಬಣ್ಣದಲ್ಲಿ ಅದ್ದಿ ಒರೆಸಿದ ಒಣ ಬ್ರಷ್ಷನ್ನು ಬಂಡೆಗಳ ಏಣಿನ ಮೇಲೆ ಸವರಿದೆ, ಬಿಸಿಲು ಬಿದ್ದಂತಾಯಿತು. ಜರಡಿ ಹಿಡಿದ ಕಲ್ಲುಪುಡಿಯನ್ನು ಬಿಳಿ ಗೋಂದಿನಲ್ಲಿ ಕೂರಿಸಿದೆ. ಕೊನೆಗೆ ಅಕ್ಕ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟ ಜಾಗಗಳಲ್ಲಿ ಸಿಪಾಯಿಗಳನ್ನೂ ಪಠಾಣರನ್ನೂ ನಿಲ್ಲಿಸಿ, ಕಾಲಡಿಯ ತಂತಿಯನ್ನು ಪ್ಲಾಸ್ಟರಿಗಿಳಿಸಿ ಅಂಟಿಸಿದೆ. ಎಲ್ಲವೂ ನಾವಿಬ್ಬರೂ ಮಾತಾಡಿಕೊಂಡಂತೆಯೇ ಆಯಿತು. ಕರ್ನಲ್ಲರಿಗೆ ಫೋನ್ ಮಾಡಿ ಬಂದು ನೋಡಿ ಎಂದೆ.

ಅವರು ಆಗಸ್ಟಿನಲ್ಲಿ ವರ್ಜೀನಿಯಾದಿಂದ ಕಾರಿನಲ್ಲಿ ಬಂದರು. ಗರಾಜಿನೊಳಗೆ ಹ್ಯಾಟ್ ತೆಗೆದು, ಅಕ್ಕನ ಸ್ಟೂಲನ್ನು ಮುಟ್ಟದೆ, ಮೇಜಿನ ಎದುರಿಗೆ ಬಹಳ ಹೊತ್ತು ನಿಂತರು.

"ಬೆಟ್ಟ ಬಹಳ ಚೆನ್ನಾಗಿದೆ" ಎಂದರು. ಇಂಗ್ಲಿಷಿನಲ್ಲಿ ಅವರು ಆಡಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತಿದ್ದೇನೆ. "ಮುಖಗಳು ಇನ್ನೂ ಚೆನ್ನಾಗಿವೆ. ಇಂಥವನ್ನು ನಾನು ನೋಡಿಲ್ಲ. ಆದರೆ ಮೇಡಂ, ಇವರೆಲ್ಲ ಯಾರಿಗೆ ಗುಂಡು ಹೊಡೀತಿದ್ದಾರೆ?"

"ಪಠಾಣರಿಗೆ."

"ಪಠಾಣರು ಇವರ ಬೆನ್ನ ಹಿಂದೆ ಇದ್ದಾರಲ್ಲ."

ನನಗೆ ಅರ್ಥವಾಗಲಿಲ್ಲ. ಅವರು ನನ್ನ ಪಕ್ಕಕ್ಕೆ ಬಂದು ನಿಂತು, ಎರಡೂ ಕೈ ಮೇಲೆತ್ತಿ ಶರಣಾದವರಂತೆ ನಟಿಸಿದರು. "ಇವರು ನನಗೇ ಗುರಿ ಇಟ್ಟಿದ್ದಾರೆ."

ಆಗ ನೋಡಿದೆ. ಅಷ್ಟೂ ಸಿಪಾಯಿಗಳು ಬೆಟ್ಟಕ್ಕೆ ಬೆನ್ನು ಹಾಕಿ ನಮ್ಮ ಕಡೆ ಮುಖ ಮಾಡಿದ್ದರು. ಮೇಲೆ ಪಠಾಣರು ಮೆಟ್ಟಿಲಿನ ಮೇಲೆ ನಿಂತ ಹಾಗೆ ಸಾಲಾಗಿ, ಕುಳ್ಳರು ಕೆಳಗೆ, ಎತ್ತರದವರು ಮೇಲೆ, ಅವರೂ ನಮ್ಮ ಕಡೆಯೇ ನೋಡುತ್ತಿದ್ದರು. ಬೆಟ್ಟವನ್ನೇ ನಾವು ಮೆಟ್ಟಿಲು ಮೆಟ್ಟಿಲಾಗಿ ಕೊರೆದಿದ್ದೆವು. ಯಾರು ಎಲ್ಲಿ ನಿಲ್ಲಬೇಕು ಎಂಬುದು ಕರ್ನಲ್ಲರು ಫ್ಯಾಕ್ಸ್ ಮಾಡಿದ ನಕ್ಷೆಯಲ್ಲಿತ್ತು. ಯಾವ ಕಡೆ ನೋಡಬೇಕು ಎಂದು ಅವರು ಹೇಳಿರಲಿಲ್ಲ, ನಾವು ಕೇಳಲೂ ಇಲ್ಲ. ಕೇಳಬೇಕು ಎಂದು ಹೊಳೆಯುವಂತೆಯೂ ಇರಲಿಲ್ಲ. ಗೊಂಬೆ ಕೂರಿಸುವಾಗ ಬಂದವರಿಗೆ ಗೊಂಬೆಯ ಬೆನ್ನು ಕಾಣಬಾರದು. ಚಿಕ್ಕಂದಿನಲ್ಲಿ ಒಂದು ಸೆಟ್ಟಿ ಗೊಂಬೆ ಚೂರು ವಾರೆಯಾಗಿದ್ದರೂ ಅಮ್ಮ ನಮ್ಮ ತಲೆಗೆ ಮೊಟಕುತ್ತಿದ್ದಳು. ನಾವು ಯುದ್ಧವನ್ನು ದಸರಾ ಗೊಂಬೆಯ ಪಡಿಮೆಟ್ಟಿಲ ಮೇಲೆ ಕೂರಿಸಿಬಿಟ್ಟಿದ್ದೆವು, ಆರತಿ ಒಂದು ಬಾಕಿ.

ನಗು ಬಂತು. ಅಕ್ಕ ಇದ್ದಿದ್ದರೆ ನೆಲದ ಮೇಲೆ ಕೂತು ನಗುತ್ತಿದ್ದಳು. ಆ ಯೋಚನೆ ಬಂದದ್ದೇ ನಗು ನಿಂತಿತು.

ಕರ್ನಲ್ಲರು ದೊಡ್ಡವರು, ಒರಟು ಮಾತಾಡಲಿಲ್ಲ. "ಇದನ್ನು ಹೀಗೆ ಇಡಲಾರೆ. ನೋಡಲು ಬರುವವರಿಗೆ ಸುಳ್ಳು ಹೇಳಿದಂತಾಗುತ್ತದೆ. ಆದರೆ ಇದು ನಿಮ್ಮಕ್ಕನ ಕೊನೆಯ ಕೆಲಸ ಅಂತ ನನಗೆ ಗೊತ್ತು. ಬದಲಾಯಿಸಿ ಅಂತ ನಾನು ಹೇಳುವುದಿಲ್ಲ. ನೀವು ಇದನ್ನು ಇಟ್ಟುಕೊಳ್ಳಿ, ನಾನು ಬೇರೆಯವರ ಹತ್ತಿರ ಮಾಡಿಸ್ತೀನಿ. ಒಂದು ವಾರದಲ್ಲಿ ತಿಳಿಸಿದರೆ ಸಾಕು" ಎಂದು ಹೊರಟರು.

ಭಾವನಿಗೆ ಹೇಳಿದೆ. ಸರಿಮಾಡಬೇಕೆಂದರೆ ಸಿಪಾಯಿಗಳನ್ನು ತಿರುಗಿಸಿ, ಬೆಟ್ಟದ ಮೆಟ್ಟಿಲುಗಳನ್ನೂ ಕತ್ತರಿಸಬೇಕು ಎಂದೆ. ಅವರು ಆಗಲೇ ತೀರ್ಮಾನ ಮಾಡಿದವರಂತೆ ಮಾತಾಡಿದರು.

"ನೋಡಮ್ಮ, ಈ ವರ್ಷ ಮನೇಲಿ ಗೊಂಬೆ ಕೂರಿಸೋ ಹಾಗಿಲ್ಲ. ಇದನ್ನ ತಂದು ಲಿವಿಂಗ್ ರೂಮಲ್ಲಿ ಇಟ್ಬಿಡೋಣ. ಅವಳ ಕೈಯಲ್ಲಿ ಆಗಿದ್ದು. ಯಾವನೋ ನೋಡೋಕೆ ಅಂತ ಯಾಕೆ ಕತ್ತರಿಸ್ಬೇಕು?"

"ತಪ್ಪಾಗಿದೆ ಭಾವ."

"ಆಗ್ಲಿ. ಅವಳ ತಪ್ಪೇ ಇರ್ಲಿ ನಮ್ಮನೇಲಿ."

ಅಕ್ಕನ ಮಗಳು ಕಾಲೇಜಿನಿಂದ ಬಂದಿದ್ದಳು. ಇಲ್ಲೇ ಹುಟ್ಟಿದವಳು. ಗರಾಜಿನ ಮೆಟ್ಟಿಲ ಮೇಲೆ ಮೊಣಕಾಲು ತಬ್ಬಿ ಕೂತಿದ್ದಳು. "ಚಿಕ್ಕಮ್ಮ, ಪ್ಲೀಸ್, ಡೋಂಟ್ ಕಟ್ ಇಟ್. ಅಮ್ಮನ ಫಿಂಗರ್ಸ್ ಇದೆ ಅಲ್ಲಿ." ಅವಳು ಹೇಳಿದ್ದು ನಿಜ. ಬೆಟ್ಟದ ಮೆಟ್ಟಿಲುಗಳ ಅಂಚಿನುದ್ದಕ್ಕೂ ಅಕ್ಕ ಹೆಬ್ಬೆರಳಿನಿಂದ ಒತ್ತಿದ ಗುಳಿಗಳಿದ್ದವು, ಬಣ್ಣದಡಿಯಲ್ಲೂ ಕಾಣುತ್ತಿದ್ದವು.

ಆ ವಾರವೆಲ್ಲ ನಾನು ಗರಾಜಿಗೆ ಹೋಗುವುದು, ಏನೂ ಮಾಡದೆ ಬರುವುದು. ಡಬ್ಬಗಳ ಮುಚ್ಚಳ ತೆಗೆದು ಮತ್ತೆ ಮುಚ್ಚಿದೆ. ಬ್ರಷ್ಷುಗಳನ್ನು ದಪ್ಪದ ಪ್ರಕಾರ ಜೋಡಿಸಿ, ಕಲಸಿ, ಮತ್ತೆ ಜೋಡಿಸಿದೆ. ಇಟ್ಟುಕೊಂಡರೆ ಅಕ್ಕನ ಕೈ ಹಾಗೇ ಇರುತ್ತದೆ. ಕೊಟ್ಟರೆ ಅವಳ ಕೆಲಸ ಮುಗಿಯುತ್ತದೆ. ಎರಡೂ ಒಟ್ಟಿಗೆ ಆಗುವಂತಿರಲಿಲ್ಲ.

ತೀರ್ಮಾನ ಆದದ್ದು ಮೇಜಿನಡಿ ಬಿದ್ದ ಒಂದು ಬ್ರಷ್ಷನ್ನು ಹುಡುಕುವಾಗ. ಬ್ರಷ್ ಎತ್ತಿಕೊಂಡು, ಮೇಜಿನ ಪಕ್ಕದಿಂದ ಏಳಲು ಹೋದವಳು ಅರ್ಧಕ್ಕೇ ನಿಂತೆ. ಗಲ್ಲ ಹಲಗೆಯ ಮಟ್ಟಕ್ಕಿತ್ತು. ಹಳ್ಳದ ತಿರುವಿನಲ್ಲಿ ಒಬ್ಬ ಸಿಪಾಯಿ ಮಾತ್ರ ಅಂಟು ಬಿಟ್ಟು, ತನ್ನ ತಂತಿಯ ಮೇಲೆ ತಿರುಗಿ ಬೆಟ್ಟ ನೋಡುತ್ತಿದ್ದ. ನಾನು ಮಂಡಿಯೂರಿಕೊಂಡೇ ಮುಂದಕ್ಕೆ ಬಂದು ಅವನ ಹಿಂದೆ ಕಣ್ಣಿಟ್ಟೆ. ಅವನ ಹೆಗಲಿನಾಚೆ ಅಕ್ಕನ ಬೆಟ್ಟ ಎದ್ದಿತ್ತು. ಅಷ್ಟು ದಿನ ಅದನ್ನು ಮೇಲಿನಿಂದ ನೋಡಿದ್ದೆ, ಪಕ್ಕದಿಂದ ನೋಡಿದ್ದೆ. ಅದು ದೊಡ್ಡದು ಎಂದು ಅನಿಸಿದ್ದು ಆಗಲೇ. ಸಂದುಗಳಲ್ಲಿ ಯಾರಿದ್ದಾರೆ ಎಂದು ಗೊತ್ತಾಗುತ್ತಿರಲಿಲ್ಲ. ಮೇಲಿನ ಕಾವಲಿನವರು ಇಳಿಯುತ್ತಾರೋ ಇಲ್ಲವೋ ಎಂಬುದೂ. ನನಗೆ ನಿಜವಾಗಿ ಭಯವಾಯಿತು. ಬೆಟ್ಟ ಸರಿಯಾಗಿಯೇ ಇತ್ತು. ಅದನ್ನು ನೋಡಬೇಕಾದವರು ಬೇರೆ ಕಡೆ ನೋಡುತ್ತಿದ್ದರು, ಅಷ್ಟೆ.

ಒಳಗೆ ಹೋಗಿ ಭಾವನಿಗೆ ಹೇಳಿದೆ, "ತಿರುಗಿಸ್ತೀನಿ."

ಅವರು ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಮುಖ ಯಾರಿಗೂ ಕಾಣಲ್ಲ ಆಮೇಲೆ."

"ಗೊತ್ತು."

"ಚಳಿಗಾಲವೆಲ್ಲ ಕಣ್ಣು ಕಿತ್ಕೊಂಡು ಬರೆದಿದ್ದಾಳೆ."

"ಗೊತ್ತು ಭಾವ. ಅವಳಿದ್ದಿದ್ರೆ ಅವಳೇ ತಿರುಗಿಸಿರೋಳು. ನಾನು ಬೇಡ ಅಂತ ಜಗಳ ಆಡಿರ್ತಿದ್ದೆ."

ಅವರು ಟಿವಿ ಆರಿಸಿ, "ನನ್ನನ್ನ ಎಲ್ಲಿಡ್ತೀಯ?" ಎಂದರು.

"ಬಂಡೆ ಹಿಂದೆ. ಬರೀ ರುಮಾಲು ಕಾಣತ್ತೆ."

"ಹೋಗ್ಲಿ, ತಲೆ ಬೋಳಾಗಿರೋದು ಕಾಣಲ್ವಲ್ಲ" ಎಂದರು. ಅಕ್ಕ ಹೋದ ಮೇಲೆ ಅವರು ಆಡಿದ ಮೊದಲ ತಮಾಷೆ ಅದು. ಆಮೇಲೆ ಎದ್ದು ಬಚ್ಚಲಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡರು.

ಮೊದಲ ಸಿಪಾಯಿಯನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಿದೆ, ಕಣಕಾಲು ಮುರಿಯಿತು. ಎರಡನೆಯವನದ್ದೂ. ಮಿಕ್ಕವರ ತಂತಿಯನ್ನು ನಾನೇ ಗಟ್ಟಿ ಅಂಟು ಹಾಕಿ ಕೂರಿಸಿದ್ದೆ, ಬಿಡುತ್ತಿರಲಿಲ್ಲ. ಅಂಟು ಕರಗಿಸುವ ದ್ರವ ಬಣ್ಣವನ್ನೂ ಕರಗಿಸುತ್ತದೆ. ಎರಡು ದಿನ ಯೋಚಿಸಿ, ಹಾರ್ಡ್‌ವೇರ್ ಅಂಗಡಿಯಿಂದ ಬೇರೆ ಬೇರೆ ಅಗಲದ ಹಿತ್ತಾಳೆ ಕೊಳವೆಗಳನ್ನು ತಂದು, ಬಾಯಿಯನ್ನು ಅರದಿಂದ ಉಜ್ಜಿ ಹರಿತ ಮಾಡಿದೆ. ಸಿಪಾಯಿಯ ತಲೆಯ ಮೇಲಿನಿಂದ ಕೊಳವೆ ಇಳಿಸಿ, ಕಾಲಿನ ಸುತ್ತ ಪ್ಲಾಸ್ಟರಿಗೆ ಮೆಲ್ಲಗೆ ತಿರುವುತ್ತ ಒತ್ತಿದರೆ ಅವನು ನಿಂತ ನೆಲ ಬಿಲ್ಲೆಯಂತೆ ಬಿಡಿಯಾಗುತ್ತದೆ. ಬಿಲ್ಲೆಯನ್ನೇ ತಿರುಗಿಸುವುದು. ಸುತ್ತಲಿನ ಸಂದಿಗೆ ಪ್ಲಾಸ್ಟರ್ ತುಂಬಿ, ಕಲ್ಲುಪುಡಿ ಉದುರಿಸಿ, ಬಣ್ಣ ತಾಗಿಸುವುದು. ಕೈ ಚಾಚಿದವರಿಗೆ, ಬಂದೂಕು ಎತ್ತಿದವರಿಗೆ ಅಗಲ ಕೊಳವೆ ಬೇಕು. ದಿನಕ್ಕೆ ನಾಲ್ಕೈದು ಜನರನ್ನು ತಿರುಗಿಸುತ್ತಿದ್ದೆ. ತಿರುಗಿಸುವ ಮೊದಲು ಪ್ರತಿಯೊಬ್ಬನ ಮುಖವನ್ನೂ ಒಮ್ಮೆ ನೋಡುತ್ತಿದ್ದೆ. ಸೋದರಮಾವನನ್ನು ತಿರುಗಿಸಿದ ದಿನ ಬೇರೆ ಕೆಲಸ ಮಾಡಲಿಲ್ಲ.

ಬೆಟ್ಟದ ಮೆಟ್ಟಿಲುಗಳಿಗೆ ಸಣ್ಣ ಗರಗಸ. ನಾನು ಕೊಯ್ಯಲು ಕೂತಾಗ ಅಕ್ಕನ ಮಗಳು ಬಂದು ಪಕ್ಕ ನಿಂತಳು. ವ್ಯಾಕ್ಯೂಮ್ ಕ್ಲೀನರಿನ ಕೊಳವೆಯನ್ನು ಗರಗಸದ ಹತ್ತಿರ ಹಿಡಿದುಕೊಂಡಳು, ಪುಡಿ ಹಾರದ ಹಾಗೆ. ಮೊದಲ ಅಂಚು ಕಳಚಿ ಬಿದ್ದಾಗ ಯಂತ್ರ ಆರಿಸಿ ಅದನ್ನೆತ್ತಿ ಜೇಬಿಗೆ ಹಾಕಿಕೊಂಡಳು. "ಕಂಟಿನ್ಯೂ ಮಾಡಿ" ಎಂದಳು. ಇಡೀ ಮುಂಬದಿಯನ್ನು ಇಳಿಜಾರು ಮಾಡಿ, ರಬ್ಬರ್ ಅಚ್ಚಿನಲ್ಲಿ ಎರಕ ಹೊಯ್ದ ಬಂಡೆಗಳನ್ನು ಕೂರಿಸಿದೆವು. ಪಠಾಣರನ್ನು ಅವುಗಳ ಹಿಂದೆ ಮಲಗಿಸಿದೆವು. ಅವರು ನಮ್ಮ ಕಡೆಯೇ ನೋಡುತ್ತಿದ್ದರೂ ಎದುರು ನಿಂತವರಿಗೆ ಕಾಣುವುದು ಬಂದೂಕಿನ ತುದಿ, ರುಮಾಲಿನ ಒಂದು ಸುತ್ತು.

ಅಕ್ಟೋಬರಿನಲ್ಲಿ ನಾನು, ಭಾವ, ಅಕ್ಕನ ಮಗಳು ಬಾಡಿಗೆ ವ್ಯಾನಿನಲ್ಲಿ ಹೊರಟೆವು. ಹಲಗೆಯನ್ನು ಹಳ್ಳದ ಗೆರೆಯಲ್ಲಿ ಎರಡು ಭಾಗ ಮಾಡಿ ಬೋಲ್ಟ್ ಹಾಕಿದ್ದೆವು, ಬಾಗಿಲಲ್ಲಿ ಹಿಡಿಸಬೇಕಲ್ಲ. ಭಾವ ಇಂಟರ್‌ಸ್ಟೇಟಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ಓಡಿಸಿದರು. ಹಿಂದಿನವರು ಹಾರ್ನ್ ಹೊಡೆದರೆ, "ಹೋಗಪ್ಪ, ನಿಂಗೆ ದಾರಿ ಇದೆ. ನಂಗೆ ಹಿಂದೆ ಒಂದ್ ದಂಡೇ ಇದೆ" ಎನ್ನುತ್ತಿದ್ದರು. ರಿಚ್ಮಂಡ್ ದಾಟಿದ ಮೇಲೆ, "ಮೊದ್ಲು ಲ್ಯಾನ್‌ಹ್ಯಾಮಿಗೆ ಹೋಗಿ ದೇವಸ್ಥಾನದಲ್ಲಿ ಕೈಮುಗಿದು ಬರೋಣ್ವಾ?" ಎಂದರು. ದೇವಸ್ಥಾನ ವಾಷಿಂಗ್ಟನ್ನಿನ ಆಚೆ ಬದಿಗೆ. ಇಳಿಸಿದ ಮೇಲೆ ಹೋಗೋಣ ಎಂದೆ. ಅದು ವ್ಯಾನಿನಲ್ಲಿರುವ ತನಕ ನನಗೆ ಎಲ್ಲೂ ಕೈಮುಗಿದು ನಿಲ್ಲಲು ಆಗುತ್ತಿರಲಿಲ್ಲ.

ಮ್ಯೂಸಿಯಮ್ಮಿನಲ್ಲಿ ಮೂರು ಕಡೆ ಗೋಡೆ, ಮುಂದೆ ಗಾಜು. ಕರ್ನಲ್ಲರು ಮೇಜನ್ನು ಎದೆಮಟ್ಟಕ್ಕೆ ಕಟ್ಟಿಸಿದ್ದರು. ಎರಡು ಭಾಗವನ್ನು ಸೇರಿಸಿ, ಗೆರೆಯ ಮೇಲೆ ಉರುಟುಕಲ್ಲು ಸುರಿದು, ಗಾಜು ಹಾಕಿ, ದೀಪ ಹಚ್ಚಿದೆವು. ಕರ್ನಲ್ಲರು ಬಂದು ಬಗ್ಗಿದರು.

"ನಾನೆಲ್ಲಿ ನಿಂತಿದ್ದೇನೆ?" ಎಂದು ಕೇಳಿದರು.

"ಕೊನೆಯವನ ಹಿಂದೆ."

ಅವರ ಕಣ್ಣು ಸಿಪಾಯಿಗಳನ್ನು ದಾಟಿ ಮೇಲೆ ಹೋಯಿತು. ಬಂಡೆಗಳನ್ನು ಒಂದೊಂದಾಗಿ ಹುಡುಕಿತು. "ಮೇಲಿನವರು ಇನ್ನೂ ಇಳಿದಿಲ್ಲ" ಎಂದರು, ತಮ್ಮಷ್ಟಕ್ಕೇ. ಆಮೇಲೆ ನನ್ನ ಕೈ ಕುಲುಕಿದರು. ಇನ್ನೇನೂ ತಿದ್ದಬೇಕಾಗಿಲ್ಲ ಎಂದರು.

ಮಗಳು ಗಾಜಿಗೆ ಕೆನ್ನೆ ಒತ್ತಿ ಈ ಕಡೆಯಿಂದ ನೋಡಿದಳು, ಆ ಕಡೆಯಿಂದ ನೋಡಿದಳು. ಉಸಿರು ತಾಗಿ ಗಾಜು ಮಂಜಾಯಿತು, ತೋಳಿನಿಂದ ಒರೆಸಿದಳು.

"ಚಿಕ್ಕಮ್ಮ, ಅಜ್ಜಿಯ ಬ್ರದರ್ ಯಾವ್ದು?"

"ಎಡಗಡೆಯಿಂದ ಮೂರನೇದು. ಒಂದು ಕಾಲು ಕಲ್ಲಿನ ಮೇಲಿಟ್ಟಿದಾನಲ್ಲ, ಅವನು."

"ಮುಖ ಹೇಗಿತ್ತು?"

ನಾನು ಹೇಳಿದೆ. ಉದ್ದ ಮುಖ, ತುದಿ ಮೇಲೆದ್ದ ಮೀಸೆ, ಏನೋ ಕೇಳಿಸಿಕೊಳ್ಳುತ್ತಿರುವ ಹಾಗೆ ಚೂರು ತೆರೆದ ಬಾಯಿ. ಹೇಳುತ್ತಾ ಹೇಳುತ್ತಾ ನಾನು ನೆನಪಿಸಿಕೊಳ್ಳುತ್ತಿರುವುದು ಮಾಮನನ್ನೋ, ಅಕ್ಕ ಬರೆದ ಮಾಮನನ್ನೋ ಎಂದು ನನಗೇ ತಿಳಿಯಲಿಲ್ಲ. ಅವಳು ಮೇಷ್ಟ್ರ ಮುಖ ಕೇಳಿದಳು. ಗುಳ್ಳೆ ಎಡಕ್ಕಿತ್ತೋ ಬಲಕ್ಕಿತ್ತೋ, ತಡವರಿಸಿದೆ.

ಪ್ರತಿ ಕೆಲಸದ ಫೋಟೋವನ್ನೂ ನಾವು ಗಾಜು ಹಾಕಿ ದೀಪ ಹಚ್ಚಿದ ಮೇಲೆಯೇ ತೆಗೆಯುತ್ತಿದ್ದೆವು. ಆ ದಿನವೂ ಹಾಗೇ ತೆಗೆದೆ. ಬೆಟ್ಟದ್ದಿದೆ, ಹಳ್ಳದ್ದಿದೆ, ಸಾಲಾಗಿ ಕಾಣುವ ಬೆನ್ನುಗಳದ್ದಿದೆ. ಅಕ್ಕ ಬರೆದ ಮುಖಗಳಲ್ಲಿ ಒಂದರ ಫೋಟೋವೂ ನಮ್ಮಲ್ಲಿ ಇಲ್ಲ.